ಆರು ವೈನ್ ಗ್ಲಾಸು, ಒಂದೂ ಸೌಟಿಲ್ಲ: ಹ್ಯಾಂಬರ್ಗಿನ ಅಪಾರ್ಟ್‌ಮೆಂಟ್ ಹೋಟೆಲಿನಲ್ಲಿ 18 ರಾತ್ರಿ

ಕಾರವಾರದಲ್ಲಿ ಮಳೆ ಹಿಡಿಯುವ ಹೊತ್ತಿಗೆ ನಾನು ಜರ್ಮನಿಯ ಹ್ಯಾಂಬರ್ಗಿನ ಒಂದು ಅಡುಗೆಮನೆಯಲ್ಲಿ ಸೌಟು ಹುಡುಕುತ್ತಿದ್ದೆ. ಮೂರು ಡ್ರಾವರ್ ಎಳೆದೆ. ಎರಡು ಕಪಾಟು ತೆಗೆದೆ. ವೈನ್ ಗ್ಲಾಸು ಆರು ಇದ್ದವು. ಬಾಟಲಿಯ ಬಿರಡೆ ಕೀಳುವ ತಿರುಪು ಎರಡು ಇದ್ದವು. ಸೌಟು ಮಾತ್ರ ಇಲ್ಲ. ಬುಕ್ ಮಾಡುವಾಗ ನೋಡಿದ ಪುಟದಲ್ಲಿ ‘ಎಲ್ಲ ಅನುಕೂಲಗಳಿರುವ ಅಡುಗೆಮನೆ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು.

ಮಗಳು ಅಲ್ಲಿ ಓದುತ್ತಿದ್ದಾಳೆ. ಅವಳದು ಮೂವರ ಜೊತೆ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ. ಮಂಚ, ಮೇಜು ಇಟ್ಟರೆ ಸೂಟ್‌ಕೇಸ್ ಬಿಚ್ಚಲು ಜಾಗವಿಲ್ಲ. ಯಜಮಾನರಿಗೆ ಸಕ್ಕರೆ ಕಾಯಿಲೆ. ದಿನಾ ಹೊರಗೆ ತಿಂದರೆ ಆಗುವುದಿಲ್ಲ. ಹಾಗಾಗಿ ಹೋಟೆಲೂ ಅಲ್ಲ, ಮನೆಯೂ ಅಲ್ಲ ಅನ್ನುವ ಈ ಅಪಾರ್ಟ್‌ಮೆಂಟ್ ಹೋಟೆಲ್. ಒಂದು ಕೋಣೆ, ಒಂದು ಬಚ್ಚಲು, ಗೋಡೆಗೆ ಅಂಟಿಕೊಂಡ ಅಡುಗೆ ಕಟ್ಟೆ. ವಾರಕ್ಕೊಮ್ಮೆ ಬಂದು ಗುಡಿಸಿ ಹೋಗುತ್ತಾರೆ. ರಾತ್ರಿಗೆ 96 ಯೂರೋ. ಯೂರೋಗೆ ಆಗಿನ ಸುಮಾರು 98 ರೂಪಾಯಿ ಲೆಕ್ಕ ಹಿಡಿದರೆ 18 ರಾತ್ರಿಗೆ ಒಂದು ಲಕ್ಷ 69 ಸಾವಿರ. ಮೂವತ್ತು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು ನಾನು. ಅಷ್ಟು ದುಡ್ಡು ಒಮ್ಮೆಲೇ ಹೋಗುವುದನ್ನು ಫೋನಿನಲ್ಲಿ ನೋಡಿ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಹೋಟೆಲಿನ ಹೆಸರು ಹಾಕುವುದಿಲ್ಲ. ಮಗಳ ಗೆಳತಿಯರ ತಂದೆತಾಯಿ ಉಳಿದ ಬೇರೆ ಕಡೆಗಳ ಕಥೆ ಕೇಳಿದರೆ ಎಲ್ಲ ಹೆಚ್ಚುಕಡಿಮೆ ಒಂದೇ. ಮಂಚದ ಫೋಟೋ ಎಂಟು ಹಾಕಿರುತ್ತಾರೆ, ಒಲೆಯದು ಅರ್ಧ. ನಮ್ಮಂಥವರಿಗೆ ಬೇಕಾದದ್ದು ಆ ಅರ್ಧ ಫೋಟೋ.

ವೀಸಾದ ಮಾತು ಬೇಗ ಮುಗಿಸುತ್ತೇನೆ. ಯೂರೋಪಿನ ಬಹುತೇಕ ದೇಶಗಳಿಗೆ ಒಂದೇ ಆಗುವ ಶೆಂಗೆನ್ ವೀಸಾಗೆ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋದ ಪ್ರಯಾಣ ವಿಮೆ, ಆಮೇಲೆ ಎಲ್ಲಿ ಉಳಿಯುತ್ತೀರಿ ಅನ್ನುವುದಕ್ಕೆ ಪುರಾವೆ. ಅಪಾರ್ಟ್‌ಮೆಂಟ್ ಹೋಟೆಲಿನ ಒಂದು ಲಾಭ ಇಲ್ಲೇ ಸಿಗುತ್ತದೆ. ಇಬ್ಬರ ಹೆಸರೂ, ಎಲ್ಲ ದಿನಗಳೂ ಇರುವ ಒಂದೇ ಕಾಗದ ಕೊಡುತ್ತಾರೆ. ವೀಸಾ ಕೈಗೆ ಬರುವ ತನಕ ದುಡ್ಡಿಲ್ಲದೆ ರದ್ದು ಮಾಡಬಹುದಾದ ದರದಲ್ಲೇ ಬುಕ್ ಮಾಡಿ. ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ. ನಾವು ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಬೆಂಗಳೂರಿಗೆ ಹೋಗಿ, ಬೆರಳಚ್ಚು ಕೊಟ್ಟು, ಅದೇ ರೈಲಿನಲ್ಲಿ ವಾಪಸ್ ಬಂದೆವು.

ಹೊರಟಿದ್ದು ಜೂನ್ 7, 2025, ಶನಿವಾರ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ರೈಲು. ನಾಲ್ಕು ತಾಸಿನ ದಾರಿ, ರೈಲು ಎರಡು ತಾಸು ತಡ. ಹೋಟೆಲ್ ಮುಟ್ಟಿದಾಗ ರಿಸೆಪ್ಷನ್ ಮುಚ್ಚಿತ್ತು. ಇಂಥ ಜಾಗಗಳಲ್ಲಿ ರಾತ್ರಿಯೆಲ್ಲ ಯಾರೂ ಕೂತಿರುವುದಿಲ್ಲ. ಬಾಗಿಲ ಪಕ್ಕ ಒಂದು ಪೆಟ್ಟಿಗೆ, ಅದಕ್ಕೆ ಗುಪ್ತ ನಂಬರು, ಒಳಗೆ ಕೀಲಿ. ನಂಬರು ಇ-ಮೇಲಿನಲ್ಲಿ ಬಂದಿತ್ತು, ಇ-ಮೇಲು ಸ್ಪ್ಯಾಮಿನಲ್ಲಿ ಬಿದ್ದಿತ್ತು. ಬೀದಿಯಲ್ಲಿ ಸೂಟ್‌ಕೇಸ್ ಮೇಲೆ ಕೂತು ಮಗಳು ಅದನ್ನು ಹುಡುಕಿದಳು. ಪಾಸ್‌ಪೋರ್ಟ್ ನಂಬರು, ವಿಳಾಸ ಎಲ್ಲ ಹಾಕಿದ ಒಂದು ಫಾರಂ ತುಂಬಬೇಕು. ಆ ವರ್ಷದ ಜನವರಿಯಿಂದ ಜರ್ಮನ್ನರಿಗೆ ಅದು ಬೇಡ, ನಮ್ಮಂಥ ಹೊರದೇಶದವರಿಗೆ ಇದ್ದೇ ಇದೆ. ಊರಿನ ಪ್ರವಾಸಿ ತೆರಿಗೆಯೂ ಕೆಲವು ಕಡೆ ಬಿಲ್ಲಿನಲ್ಲಿ ಬೇರೆಯಾಗಿ ಬರುತ್ತದೆ. ಮೊದಲೇ ಕೇಳಿ.

‘ಆಯಿ, ನೀವು ಬಂದ ಮರುದಿನದಿಂದ ಎರಡು ದಿನ ಅಂಗಡಿ ಬಂದ್’ ಅಂತ ಮಗಳು ಒಂದು ವಾರ ಮೊದಲೇ ಫೋನಿನಲ್ಲಿ ಹೇಳಿದ್ದಳಂತೆ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಲ್ಲಿ ಭಾನುವಾರ ಅಂಗಡಿ ತೆಗೆಯುವುದಿಲ್ಲ, ಅದು ಕಾನೂನು. ಆ ಸಲ ಸೋಮವಾರ ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ರಜೆ ಬೇರೆ. ಅವಳು ತಂದಿಟ್ಟ ಬ್ರೆಡ್ಡು, ಹಾಲು, ಮೊಟ್ಟೆ, ಒಂದು ಪೊಟ್ಟಣ ಅಕ್ಕಿ ಅಷ್ಟೇ ಗತಿ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ ಮಾತ್ರ ರಜೆಯಲ್ಲೂ ತೆರೆದಿರುತ್ತದೆ, ಅಲ್ಲಿ ಜಾತ್ರೆಯಷ್ಟು ಜನ. ಹೋಗುವವರು ವಾರದ ಮಧ್ಯೆ ಇಳಿಯುವ ಹಾಗೆ ಟಿಕೆಟ್ ಮಾಡಿ, ಕ್ಯಾಲೆಂಡರಿನಲ್ಲಿ ಅಲ್ಲಿನ ಹಬ್ಬ ನೋಡಿ.

ಆ ಅಕ್ಕಿಯದ್ದೂ ಒಂದು ಕಥೆ. ಪೊಟ್ಟಣ ಒಡೆದರೆ ಒಳಗೆ ನಾಲ್ಕು ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಸಣ್ಣ ಸಣ್ಣ ತೂತು. ಚೀಲದ ಸಮೇತ ಕುದಿಯುವ ನೀರಿಗೆ ಹಾಕಿ, ಕಾಲು ತಾಸು ಬಿಟ್ಟು, ಫೋರ್ಕಿನಿಂದ ಎತ್ತಿ, ನೀರು ಸೋರಿಸಿ, ಕತ್ತರಿಸಿ ಸುರಿಯಬೇಕು. ಯಜಮಾನರು ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ಅಕ್ಕಿಯೋ, ಸಲೈನೋ?’ ಅಂದರು. ಆದರೆ ಒಳಗಿದ್ದದ್ದು ಕುಚ್ಚಲಕ್ಕಿ ಜಾತಿಯದೇ. ನಮ್ಮ ಕೆಂಪು ಉಕಡೆ ಅಲ್ಲ, ಬಿಳಿ. ಗಂಜಿ ಚೆನ್ನಾಗಿಯೇ ಆಯಿತು. ಪೊಟ್ಟಣದ ಮೇಲೆ ‘ಪಾರ್‌ಬಾಯಿಲ್ಡ್’ ಅಂತ ಇದ್ದರೆ ಧೈರ್ಯವಾಗಿ ತನ್ನಿ. ಚೀಲವಿಲ್ಲದ್ದೂ ಸಿಗುತ್ತದೆ.

ಈಗ ಒಲೆ. ನಾನು ಹೊತ್ತುಕೊಂಡು ಹೋಗಿದ್ದು ಮೂರು ಲೀಟರಿನ ಅಲ್ಯೂಮಿನಿಯಂ ಕುಕ್ಕರ್. ಅಲ್ಲಿದ್ದದ್ದು ಇಂಡಕ್ಷನ್. ಕುಕ್ಕರ್ ಇಟ್ಟರೆ ಒಲೆ ಕುಂಯ್ ಅಂದು ಆರಿಹೋಗುತ್ತದೆ. ಮತ್ತೆ ಒತ್ತಿದೆ, ಮತ್ತೆ ಕುಂಯ್. ಇಂಡಕ್ಷನ್ ಅಯಸ್ಕಾಂತದ ಮೇಲೆ ನಡೆಯುವುದು, ಅಲ್ಯೂಮಿನಿಯಂ ಅದಕ್ಕೆ ಲೆಕ್ಕಕ್ಕಿಲ್ಲ. ಮನೆಯಲ್ಲೇ ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ತೆಗೆದು ಪಾತ್ರೆಯ ತಳಕ್ಕೆ ಹಿಡಿದು ನೋಡಬಹುದಿತ್ತು. ಅಂಟಿದರೆ ನಡೆಯುತ್ತದೆ, ಬಿದ್ದರೆ ಇಲ್ಲ. ಗಾಜಿನ ಒಲೆಗಳಲ್ಲೇ ಇನ್ನೊಂದು ಜಾತಿ ಇದೆ, ಸೆರಾನ್ ಅನ್ನುತ್ತಾರೆ. ಒಳಗಿನ ಸುರುಳಿ ಕೆಂಪಗಾಗಿ ಕಾಯುತ್ತದೆ, ತಳ ಸಪಾಟಾಗಿದ್ದರೆ ಯಾವ ಪಾತ್ರೆಯಾದರೂ ಸರಿ. ಫೋಟೋದಲ್ಲಿ ಎರಡೂ ಒಂದೇ ಥರ ಕಪ್ಪಗೆ ಕಾಣುತ್ತವೆ. ಅದಕ್ಕೇ ಬುಕ್ ಮಾಡುವ ಮೊದಲು ಬರೆದು ಕೇಳಿ, ಇಂಡಕ್ಷನ್ನೋ ಸೆರಾನೋ ಅಂತ.

ಗೆದ್ದದ್ದು ಕಾವಲಿ. ಅತ್ತೆಯ ಕಾಲದ ಸಪಾಟು ಕಬ್ಬಿಣದ ಕಾವಲಿ, ಎರಡು ಕಿಲೋ ಹತ್ತಿರ. ‘ಇದನ್ನೂ ವಿಮಾನದಲ್ಲಿ ಹೊರುತ್ತೀಯಾ?’ ಅಂತ ಯಜಮಾನರು ನಕ್ಕಿದ್ದರು. ಇಂಡಕ್ಷನ್ ಮೇಲೆ ಇಟ್ಟರೆ ಎರಡೇ ನಿಮಿಷಕ್ಕೆ ಹೊಗೆಯಾಡುವಷ್ಟು ಕಾಯಿತು. ನೀರ್ದೋಸೆ ಹೊಯ್ದರೆ ಊರಿನ ಗ್ಯಾಸಿಗಿಂತ ಚೆನ್ನಾಗಿ ತೂತು ಬಿತ್ತು. ಮಿಕ್ಸಿಯೂ ತೊಂದರೆ ಕೊಡಲಿಲ್ಲ. ಅಲ್ಲಿಯೂ ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಸ್. ನಮ್ಮ ಮೂರು ಕಡ್ಡಿಯ ಪ್ಲಗ್ಗು ಮಾತ್ರ ಅವರ ದುಂಡು ಗುಂಡಿಯೊಳಗೆ ಹೋಗುವುದಿಲ್ಲ, ಅಡಾಪ್ಟರ್ ಬೇಕು. ಮಿಕ್ಸಿ ತಿರುಗಿಸಲು ಹೊತ್ತು ನೋಡಬೇಕು ಅಷ್ಟೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೌನ, ಭಾನುವಾರ ಇಡೀ ದಿನ ಮೌನ. ದೋಸೆ ಹಿಟ್ಟು ಶನಿವಾರ ಸಂಜೆಯೇ ರುಬ್ಬಿಡಿ.

ತೆಂಗಿನಕಾಯಿ ನಾಲ್ಕು ಒಯ್ದಿದ್ದೆ. ಯೂರೋಪಿನ ಕಸ್ಟಮ್ಸ್ ನಿಯಮ ಗೊತ್ತಾದ ಮೇಲೆ ಮಾಡಿದ ಕೆಲಸ ಅದು. ಹೊರಗಿನಿಂದ ತರುವ ಹಣ್ಣು, ತರಕಾರಿ, ಎಲೆಗೆಲ್ಲ ಸರ್ಟಿಫಿಕೇಟ್ ಬೇಕು. ಐದಕ್ಕೆ ಮಾತ್ರ ಬೇಡ: ಅನಾನಸ್, ಬಾಳೆ, ಖರ್ಜೂರ, ಡುರಿಯನ್, ತೆಂಗಿನಕಾಯಿ. ಆ ಪಟ್ಟಿ ಮಾಡಿದವರು ಯಾರೋ ನಮ್ಮ ಕರಾವಳಿ ಕಡೆಯವರೇ ಇರಬೇಕು! ಹಸಿ ಕರಿಬೇವು ಆಗುವುದಿಲ್ಲ. ಹಾಲಿನ ಪದಾರ್ಥ, ಮಾಂಸ ಆಗುವುದಿಲ್ಲ, ಹಾಗಾಗಿ ತುಪ್ಪ, ಪೇಡೆ ಬಿಟ್ಟೇಬಿಡಿ. ಆದರೆ ಮೀನು ಒಬ್ಬರಿಗೆ 20 ಕಿಲೋ ತನಕ ತರಬಹುದು. ನಾನು ಒಣ ಶೆಟ್ಲಿ, ಅಂದರೆ ಸಿಗಡಿ, ಅರ್ಧ ಕಿಲೋ ಮೂರು ಚೀಲದಲ್ಲಿ ಕಟ್ಟಿ ಒಯ್ದೆ. ಬ್ಯಾಗು ತೆಗೆದು ನೋಡಿದವರು ಯಾರೂ ಇಲ್ಲ, ನನ್ನ ಸೀರೆಗಳಿಗೆ ಮಾತ್ರ ಎಲ್ಲ ಗೊತ್ತಾಯಿತು.

ಭಾನುವಾರದ ಆ ಒಗ್ಗರಣೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹೊರಗೆ ಚಳಿಗಾಳಿ, ಕಿಟಕಿ ಮುಚ್ಚಿದ್ದೆ. ಒಲೆಯ ಮೇಲೆ ಹೊಗೆ ಎಳೆಯುವ ಯಂತ್ರ ಇತ್ತಲ್ಲ, ಅದನ್ನು ಜೋರಾಗಿ ಹಾಕಿದೆ. ಎಣ್ಣೆ, ಸಾಸಿವೆ, ಎರಡು ಬ್ಯಾಡಗಿ ಮೆಣಸು. ಮೆಣಸು ಕಪ್ಪಾಗುವ ಮೊದಲೇ ತಲೆಯ ಮೇಲೆ ಕೀಂ ಅಂತ ಶುರುವಾಯಿತು ನೋಡಿ, ಎದೆ ಬಾಯಿಗೆ ಬಂತು. ಹೊಗೆ ಕಂಡುಹಿಡಿಯುವ ಬಿಳಿ ಡಬ್ಬಿ ಅದು, ಅಲ್ಲಿ ಎಲ್ಲ ಮನೆಗಳಲ್ಲೂ ಕಡ್ಡಾಯ. ಎದುರು ಕೋಣೆಯ ಹುಡುಗ ಓಡಿಬಂದ. ಒಂದು ಮಾತಾಡದೆ ನಮ್ಮ ಟವೆಲ್ ಎತ್ತಿಕೊಂಡು ಡಬ್ಬಿಯ ಕೆಳಗೆ ನಿಂತು ಗಾಳಿ ಬೀಸಿದ. ಯಜಮಾನರು ಕಿಟಕಿಯ ಹಿಡಿಕೆ ಮೇಲಕ್ಕೆ ತಿರುಗಿಸಿದರು, ಇಡೀ ಕಿಟಕಿ ಮೇಲಿನಿಂದ ಒಳಕ್ಕೆ ವಾಲಿತು. ಕಿತ್ತು ಬಂತು ಅಂದುಕೊಂಡು ಅವರು ಎರಡೂ ಕೈಯಲ್ಲಿ ಗಾಜು ಹಿಡಿದು ನಿಂತುಬಿಟ್ಟರು. ಅದು ಹಾಗೆಯೇ ವಾಲುವ ಕಿಟಕಿಯಂತೆ. ಹಿಡಿಕೆ ಅಡ್ಡ ಮಾಡಿದರೆ ಬಾಗಿಲ ಹಾಗೆ ತೆರೆಯುತ್ತದೆ, ಮೇಲೆ ಮಾಡಿದರೆ ಬರೀ ವಾಲುತ್ತದೆ. ಇದನ್ನು ತಿಳಿಸಿದ್ದೂ ಆ ಹುಡುಗನೇ.

ಆಮೇಲೆ ಹೊಗೆ ಯಂತ್ರದ ಮೇಲ್ಭಾಗಕ್ಕೆ ಕೈ ಇಟ್ಟು ನೋಡಿದೆ. ಬಿಸಿಗಾಳಿ ಸೀದಾ ನನ್ನ ಅಂಗೈಗೆ ಬಡಿಯುತ್ತಿತ್ತು. ಹೊರಗೆ ಹೋಗುವ ಕೊಳವೆಯೇ ಇಲ್ಲ. ಕೆಳಗಿನಿಂದ ಹೊಗೆ ಎಳೆದು, ಒಂದು ಇದ್ದಿಲ ಜಾಲರಿ ದಾಟಿಸಿ, ಮತ್ತೆ ಕೋಣೆಗೇ ಬಿಡುತ್ತದೆ. ಇಷ್ಟಕ್ಕೆ ಅಷ್ಟೊಂದು ಸದ್ದು ಬೇರೆ. ಅಡುಗೆಯಿಂದಾಗಿ ಅಗ್ನಿಶಾಮಕದವರು ಬಂದರೆ ಖರ್ಚು ಅತಿಥಿಯದು ಅಂತ ಮೇಜಿನ ಮೇಲಿದ್ದ ಫೈಲಿನಲ್ಲಿ ಬರೆದಿತ್ತು. ನಮ್ಮದು ಕೋಣೆಯೊಳಗೆ ಮಾತ್ರ ಕೂಗುವ ಡಬ್ಬಿ, ಬಚಾವಾದೆವು. ಕೆಲವು ಕಟ್ಟಡಗಳಲ್ಲಿ ಅದು ನೇರ ಅಗ್ನಿಶಾಮಕಕ್ಕೇ ಸುದ್ದಿ ಮುಟ್ಟಿಸುತ್ತದೆ. ಒಲೆಯ ಹತ್ತಿರ ಕಿಟಕಿ ಇದೆಯಾ ಅಂತ ಕೇಳುವುದು ಇದಕ್ಕೇ.

ಬಚ್ಚಲಿನಲ್ಲಿ ಆದದ್ದು ಮರ್ಯಾದೆಯ ಪ್ರಶ್ನೆ, ಚುಟುಕಾಗಿ ಹೇಳುತ್ತೇನೆ. ಗಾಜಿನ ಗೂಡಿನಂಥ ಶವರ್ ಬಿಟ್ಟರೆ ನೆಲದಲ್ಲಿ ನೀರು ಹೋಗುವ ತೂತು ಎಲ್ಲಿಯೂ ಇರುವುದಿಲ್ಲ. ಜೆಟ್ ಇಲ್ಲ, ಬಕೆಟ್ ಇಲ್ಲ. ನಾವು ಊರಿನಿಂದ ಮಗ್ ಒಯ್ದಿದ್ದೆವು. ಯಜಮಾನರು ಮೊದಲ ದಿನ ಕಾಲು ತೊಳೆಯಲು ನಿಂತಲ್ಲೇ ನಾಲ್ಕು ಮಗ್ ಸುರಿದರು. ನೀರು ಹೊಸ್ತಿಲು ದಾಟಿ ಮರದ ನೆಲಕ್ಕೆ ಹೊರಟಿತು. ವಾರಕ್ಕೆ ಕೊಟ್ಟಿದ್ದ ನಾಲ್ಕು ಟವೆಲೂ ಅಲ್ಲೇ ಖರ್ಚಾದವು. ಹೆಚ್ಚಿನ ಟವೆಲಿಗೆ ಬೇರೆ ದುಡ್ಡು.

ಹಾಸಿಗೆ ಬಗ್ಗೆ ದೂರಿಲ್ಲ, ಆಶ್ಚರ್ಯ ಇದೆ. ಡಬಲ್ ಮಂಚಕ್ಕೆ ಎರಡು ಬೇರೆ ಗಾದಿ, ಮಧ್ಯೆ ಕಾಲುವೆ. ಹೊದಿಕೆಯೂ ಇಬ್ಬರಿಗೆ ಬೇರೆ ಬೇರೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ ಯಾರೂ ಹೊದಿಕೆ ಎಳೆಯದೆ ಮಲಗಿದೆ, ಇದನ್ನು ನಮ್ಮಲ್ಲೂ ತರಬೇಕು. ದಿಂಬು ಮಾತ್ರ 80 ಸೆಂಟಿಮೀಟರಿನ ಚೌಕ, ಒಳಗೆ ಗಾಳಿ. ತಲೆ ಇಟ್ಟರೆ ಕಿವಿ ಎರಡೂ ಮುಚ್ಚುತ್ತವೆ. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಇರುವಾಗ, ಹುಟ್ಟುವುದು ಬೆಳಿಗ್ಗೆ ಐದರೊಳಗೆ. ಪರದೆ ತೆಳುವಾಗಿತ್ತು. ಯಜಮಾನರ ಎರಡು ಪಂಚೆಯನ್ನು ಬಟ್ಟೆ ಕ್ಲಿಪ್ಪಿನಿಂದ ಪರದೆಗೆ ಸಿಕ್ಕಿಸಿದ ಮೇಲೆ ನಿದ್ದೆ ಬಂತು.

ಜಾಗಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಬಾರ್ಮ್‌ಬೆಕ್ ಅನ್ನುವ ಬಡಾವಣೆ, ನಿಲ್ದಾಣಕ್ಕೆ ಐದು ನಿಮಿಷದ ನಡಿಗೆ. ಯು3 ರೈಲು ಸೀದಾ ಬಂದರಿನ ಲಾಂಡುಂಗ್ಸ್‌ಬ್ರೂಕನ್‌ಗೆ ಹೋಗುತ್ತದೆ, ಎಸ್1 ವಿಮಾನ ನಿಲ್ದಾಣಕ್ಕೆ. ಮಗಳು ಆಗ 58 ಯೂರೋ ಇದ್ದ ಡಾಯ್ಚ್‌ಲಾಂಡ್ ಟಿಕೆಟ್ ಮಾಡಿಸಿಕೊಟ್ಟಳು. ಬಸ್ಸು, ಮೆಟ್ರೊ, ಸಣ್ಣ ರೈಲು ಎಲ್ಲಕ್ಕೂ ಅದೊಂದೇ. ಇದು ಕ್ಯಾಲೆಂಡರ್ ತಿಂಗಳ ಟಿಕೆಟ್. ಅರ್ಧ ಜೂನ್ ಅರ್ಧ ಜುಲೈ ಅಂತ ಹೋದರೆ ಎರಡು ಸಲ ಕಟ್ಟಬೇಕು. 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕಡಿತವಾಗುತ್ತದೆ. ನಾನು 8ಕ್ಕೇ ಮಾಡಿಸಿದೆ. ಎಲ್ಬೆ ನದಿಯ 62ನೇ ನಂಬರಿನ ದೋಣಿಗೂ ಅದೇ ಟಿಕೆಟ್ ನಡೆಯುತ್ತದೆ. ಸಂಜೆ ಫಿಂಕನ್‌ವೆರ್ಡರ್ ತನಕ ಹೋಗಿ ಬರುವುದು ನಮ್ಮ ದಿನಚರಿಯೇ ಆಯಿತು. ಹಡಗು, ಕ್ರೇನು, ತುಂತುರು ಮಳೆ. ಯಜಮಾನರು ರೇಲಿಂಗಿಗೆ ಒರಗಿ ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿಯ ಕಡೆ ನೋಡುವಾಗಿನ ಮುಖ ಮಾಡಿಕೊಂಡು ನಿಲ್ಲುತ್ತಿದ್ದರು.

ಒಂದು ದಿನ ಸ್ಪೈಶರ್‌ಸ್ಟಾಟ್‌ಗೆ ಹೋದೆವು. ಕೆಂಪು ಇಟ್ಟಿಗೆಯ ಹಳೆಯ ಗೋದಾಮುಗಳ ಸಾಲು, 2015ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಕಾಫಿ, ಚಹಾ, ಮಸಾಲೆ ಇಳಿಸಿ ಇಡುತ್ತಿದ್ದ ಜಾಗ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂದರಲ್ಲ, ಅವಳ ಊರಿನ ಕಡೆಯವರು ನಾವು ಅಂತ ಯಾರಿಗಾದರೂ ಹೇಳಬೇಕು ಅನ್ನಿಸಿತು. ಕೇಳುವವರು ಯಾರೂ ಇರಲಿಲ್ಲ.

ಮೀನು ಮಾರುಕಟ್ಟೆಗೆ ಮಾತ್ರ ತಪ್ಪಿಸದೆ ಹೋಗಿ. 1703ರಿಂದ ನಡೆಯುತ್ತಿದೆ. ಭಾನುವಾರ ಮಾತ್ರ, ಬೇಸಿಗೆಯಲ್ಲಿ ಬೆಳಿಗ್ಗೆ 5ರಿಂದ 9:30. ನಾವು ಜೂನ್ 15ಕ್ಕೆ ಹೋದೆವು. ಮೀನು ಕಡಿಮೆ, ಗಲಾಟೆ ಜಾಸ್ತಿ. ಬಾಳೆಹಣ್ಣು, ಹೂವಿನ ಕುಂಡ ಎಲ್ಲ ಕೂಗಿ ಕೂಗಿ ಮಾರುತ್ತಾರೆ. ಪಕ್ಕದ ಹಳೆಯ ಹರಾಜು ಕಟ್ಟಡದೊಳಗೆ ಬೆಳಿಗ್ಗೆ ಏಳಕ್ಕೇ ಬ್ಯಾಂಡು, ಬಿಯರು. ಅಂತೂ ಒಬ್ಬನ ಹತ್ತಿರ ಬಂಗಡೆ ಕಂಡಿತು. ನಮ್ಮದಕ್ಕಿಂತ ಉದ್ದ, ಹೊಟ್ಟೆ ಸಪೂರ, ಬೆನ್ನ ಮೇಲೆ ಹಾವು ಹರಿದ ಹಾಗೆ ಕಪ್ಪು ಪಟ್ಟೆ. ಕಿವಿರು ಎತ್ತಿ ನೋಡಲು ಕೈ ಚಾಚಿದೆ. ಅವನು ‘ನೈನ್ ನೈನ್’ ಅಂದ, ಬೇಡ ಬೇಡ ಅಂತ. ನಮ್ಮ ಕಾರವಾರ ಪೇಟೆಯ ಹೆಂಗಸರಾಗಿದ್ದರೆ ತಾವೇ ಎತ್ತಿ ತೋರಿಸುತ್ತಿದ್ದರು, ಅಲ್ವಾ. ಸುಮ್ನೆ ನಾಲ್ಕು ತೆಗೆದುಕೊಂಡೆ.

ಆ ಹೊತ್ತಿಗೆ ಅಡುಗೆಮನೆ ಹತೋಟಿಗೆ ಬಂದಿತ್ತು. ಸ್ಟೈನ್‌ಡಾಮ್ ರಸ್ತೆಯಲ್ಲಿ ಬೇರೆ ಬೇರೆ ದೇಶದವರ ಅಂಗಡಿಗಳ ಸಾಲಿದೆ. ಅಲ್ಲಿಂದ ಹುಣಸೆ, ಕೊತ್ತಂಬರಿ, ಮುಚ್ಚಳವಿರುವ ಸ್ಟೀಲ್ ಪಾತ್ರೆ ಮತ್ತು ಸೌಟು ತಂದಿದ್ದೆ. ಕಾಯಿಯನ್ನು ಕಟ್ಟಡದ ಹೊರಗಿನ ಕಲ್ಲು ಮೆಟ್ಟಿಲಿಗೆ ಬಡಿದು ಒಡೆದೆ. ವಾರದ ದಿನ, ಹಗಲು ಹೊತ್ತು. ಆದರೂ ಮೇಲಿನ ಮಹಡಿಯ ಒಂದು ಕಿಟಕಿ ವಾಲಿಕೊಂಡಿತು. ಭಾನುವಾರ ಕಿಟಕಿ ಪೂರ್ತಿ ತೆರೆದು, ಮಿಕ್ಸಿಯನ್ನು ಹೊದಿಕೆಯಲ್ಲಿ ಸುತ್ತಿ ಒಂದೇ ಸಲ ತಿರುಗಿಸಿ, ಊರಿನಿಂದ ತಂದ ತೆಪ್ಪಲ ಅನ್ನುವ ಮಸಾಲೆ ಕಾಯಿ ಜಜ್ಜಿ ಹಾಕಿ ಹುಮಣ, ಅಂದರೆ ನಮ್ಮ ಕಡೆಯ ಮೀನು ಸಾರು, ಮಾಡಿದೆ. ಆ ಬಂಗಡೆಗೆ ಎಣ್ಣೆ ಜಾಸ್ತಿ, ಸಾರಿನ ಮೇಲೆ ಬಂಗಾರದ ಪದರ ನಿಂತಿತ್ತು. ಟವೆಲ್ ಬೀಸಿದ ಹುಡುಗನನ್ನೂ ಕರೆದೆ. ಎರಡು ಸಲ ಅನ್ನ ಹಾಕಿಸಿಕೊಂಡ, ಮೂಗು ಒರೆಸಿಕೊಳ್ಳುತ್ತ.

ಕಸ ವಿಂಗಡಿಸುವುದು ಎರಡು ದಿನಕ್ಕೆ ರೂಢಿಯಾಗುತ್ತದೆ. ಪ್ಯಾಕೆಟ್ಟು ಹಳದಿಗೆ, ಕಾಗದ ನೀಲಿಗೆ, ಮೀನಿನ ಮುಳ್ಳನ್ನು ಮಾತ್ರ ಅವತ್ತೇ ಕೆಳಗೆ ಹಾಕಿ ಬನ್ನಿ. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ, ಅಂಗಡಿಯ ಯಂತ್ರಕ್ಕೆ ತಿನ್ನಿಸಿದರೆ ವಾಪಸ್. ನಲ್ಲಿ ನೀರು ಕುಡಿಯಬಹುದಾದರೂ ಯಜಮಾನರು ನಂಬಲಿಲ್ಲ. ಅವರ ಅಪನಂಬಿಕೆಯಿಂದ 18 ಬಾಟಲಿ ಆಗಿ, ನಾಲ್ಕೂವರೆ ಯೂರೋ ನನ್ನ ಕೈಗೆ ಬಂತು.

18 ದಿನದ ದಿನಸಿ, ಮೀನು, ಹಣ್ಣು ಎಲ್ಲ ಸೇರಿ 260 ಯೂರೋ. ಹೊರಗೆ ಒಂದೇ ಸಲ ತಾಲಿ ಊಟ ಮಾಡಿದೆವು, ಒಬ್ಬರಿಗೆ 16. ಲೆಕ್ಕ ನೀವೇ ಹಾಕಿ. ಐದಕ್ಕೆ ಮೂರೂವರೆ ನಕ್ಷತ್ರ ಕೊಟ್ಟೆ. ಜಾಗ, ಸ್ವಚ್ಛತೆ, ಎರಡು ಹೊದಿಕೆಗೆ ಮೂರು, ಒಲೆಗೆ ಅರ್ಧ.

ಹೊರಡುವ ದಿನ 11 ಗಂಟೆಯೊಳಗೆ ಪಾತ್ರೆ ತೊಳೆದು, ಕಸ ಇಳಿಸಿ, ಕೀಲಿ ಪೆಟ್ಟಿಗೆಗೆ ಹಾಕಬೇಕಿತ್ತು. ಕುಕ್ಕರ್ ವಾಪಸ್ ಹೊತ್ತೆ, ಒಮ್ಮೆಯೂ ಸೀಟಿ ಹೊಡೆಯದ ಕುಕ್ಕರ್. ಕಾವಲಿಯನ್ನು ಮಗಳಿಗೆ ಕೊಟ್ಟೆ. ಸೌಟನ್ನು ಮುಂದೆ ಬರುವವರಿಗೆ ಬಿಟ್ಟುಹೋಗೋಣ ಅಂತ ಡ್ರಾವರಿನಲ್ಲಿ ಇಟ್ಟಿದ್ದೆ. ಬಾಗಿಲ ತನಕ ಹೋದ ಮೇಲೆ ಮೂರೂವರೆ ಯೂರೋ ಅಂದರೆ 343 ರೂಪಾಯಿ ಅಂತ ತಲೆಯೊಳಗೆ ಗುಣಾಕಾರ ಆಗಿಹೋಯಿತು. ಈಗ ಅದು ಕೋಡಿಬಾಗದ ನಮ್ಮ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ.